ಹೆಬ್ಬೆರಳುದ್ದದ ಕ್ಲಾರಾ

ನಮ್ಮೂರಲ್ಲಿ ರಸ್ತೆಯಿಲ್ಲ, ಮೆಟ್ಟಿಲುಗಳಿವೆ. ಕೆಳಗೆ ಬಾವಿ ಮತ್ತು ಸಂತೆ, ನಡುವೆ ಮನೆಗಳು, ಮೇಲೆ ಶಾಲೆ, ಅದಕ್ಕೂ ಮೇಲೆ ಚರ್ಚು. ಗಾಡಿಗಳೆಲ್ಲ ಊರಿನ ಬುಡಕ್ಕೆ ಬಂದು ನಿಂತುಬಿಡುತ್ತವೆ. ಅಲ್ಲಿಂದ ಮುಂದೆ ಪ್ರತಿಯೊಂದನ್ನೂ ಯಾರಾದರೂ ಹೊರಬೇಕು. ಅಕ್ಕಿಮೂಟೆ, ಗ್ಯಾಸ್ ಸಿಲಿಂಡರು, ಮದುವೆಗೆ ಕೊಟ್ಟ ಬೀರು, ಹಸಿ ಬಾಣಂತಿ, ಎಲ್ಲವೂ ಯಾರದೋ ಹೆಗಲ ಮೇಲೆಯೇ ಮೇಲೇರಬೇಕು. ಹಾಗಾಗಿ ದೀಪಾವಳಿ ಮುಗಿದು ಚಳಿ ಶುರುವಾಗುತ್ತಿದ್ದಂತೆ ನಮ್ಮ ಮನೆಯ ಜಗಲಿಯ ಮೇಲೆ ಜನ ಬಂದು ಕೂರುವುದರಲ್ಲಿ ಆಶ್ಚರ್ಯವೇನಿಲ್ಲ.

ನಮ್ಮದು ಬೊಂಬೆ ಕೆತ್ತುವ ಮನೆ. ಕ್ರಿಸ್ಮಸ್‌ಗೆ ಚರ್ಚಿನ ಮೊಗಸಾಲೆಯಲ್ಲಿ ಹುಲ್ಲು ಹಾಸಿ ಯೇಸು ಹುಟ್ಟಿದ ಗೋದಲಿ ಕಟ್ಟುತ್ತಾರಲ್ಲ, ಅದರ ಬೊಂಬೆಗಳು ನಮ್ಮ ಮನೆಯಿಂದಲೇ ಹೋಗಬೇಕು. ಬಾಲಯೇಸು, ಮರಿಯಮ್ಮ, ಜೋಸೆಫಪ್ಪ, ಎತ್ತು, ಕತ್ತೆ, ಕೂಸನ್ನು ಕಾಣಲು ಬಂದ ಮೂವರು ರಾಯರು, ಇವೆಲ್ಲ ಹಳೆಯವು. ನನ್ನ ಅತ್ತೆಯ ಅತ್ತೆ ಕೆತ್ತಿದವು. ಎಣ್ಣೆ ಕುಡಿದು ಕುಡಿದು ಹುಣಸೆಬೀಜದ ಬಣ್ಣಕ್ಕೆ ತಿರುಗಿವೆ. ಅವುಗಳ ಸುತ್ತ ನಿಲ್ಲುವವರು ಮಾತ್ರ ಪ್ರತಿವರ್ಷ ಹೊಸಬರು, ಈ ಊರಿನವರು. ಮನೆಗೊಬ್ಬರಂತೆ ಹೆಬ್ಬೆರಳುದ್ದದ ಹಾಲೆಮರದ ತುಂಡಿನಲ್ಲಿ ಕೆತ್ತುತ್ತೇನೆ. ಒಂದೇ ತುಂಡು, ಅಂಟು ಹಾಕಿ ಜೋಡಿಸುವಂತಿಲ್ಲ. ಒಬ್ಬೊಬ್ಬರ ಕೈಗೂ ಅವರು ಕೇಳಿದ ಒಂದು ಭಾರವನ್ನು ಕೊಡುತ್ತೇನೆ. ಬೊಂಬೆ ಎಣ್ಣೆ ಕುಡಿದ ದಿನದಿಂದ, ಮುಂದಿನ ವರ್ಷದ ಬೊಂಬೆ ಎಣ್ಣೆ ಕುಡಿಯುವವರೆಗೆ, ಆ ಭಾರ ಅವರಿಗೆ ತಿಳಿಯುವುದಿಲ್ಲ. ಬೇರೆಯವರು ಎತ್ತಿದರೆ ಭಾರ ಇದ್ದೇ ಇದೆ. ಅವರ ಪಾಲಿನದನ್ನು ಮಾತ್ರ ಬೊಂಬೆ ಹೊರುತ್ತದೆ.

ಗೋದಲಿಯಲ್ಲಿ ನಿಲ್ಲಲು ಜಪ ಗೊತ್ತಿರಬೇಕೆಂದಿಲ್ಲ. ಮನೆಯಿಂದ ಮನೆಗೆ ಹೋಗಿ ಬಟ್ಟೆ ಹೊಲಿಯುವ ದಸ್ತಗೀರ್ ಸಾಹೇಬರು ಒಂಬತ್ತು ವರ್ಷಗಳಿಂದ ತಲೆಯ ಮೇಲೆ ಹೊಲಿಗೆ ಮೆಷಿನ್ನು ಹೊತ್ತು ಕತ್ತೆಯ ಪಕ್ಕ ನಿಲ್ಲುತ್ತಾರೆ. ಮೆಷಿನ್ನಿನ ಚಕ್ರ ಹೆಸರುಕಾಳಿಗಿಂತ ಚಿಕ್ಕದು, ಆದರೂ ಅದಕ್ಕೆ ಕಡ್ಡಿಗಳಿರಲೇಬೇಕೆಂದು ಅವರ ಹಟ. ಮನೆಗೆ ಒಂದೇ ಬೊಂಬೆಯಾದ್ದರಿಂದ ಅದು ಯಾರದಾಗಬೇಕು ಎಂಬುದರ ಮೇಲೆ ಜಗಳಗಳೂ ಉಂಟು. ನಾನು ಮದುವೆಯಾಗಿ ಬಂದಾಗ ಗಂಡಸರ ಬೊಂಬೆಗಳೇ ಹೆಚ್ಚಿದ್ದವು. ಆಮೇಲೆ ಕೊಡ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಹೊಸದಾಗಿ ಭಾರ ಕಳೆದುಕೊಂಡವರನ್ನು ನಡಿಗೆಯಲ್ಲೇ ಗುರುತಿಸಬಹುದು. ತುಂಬಿದ ಕೊಡವನ್ನು ಹಳೆಯ ಅಂದಾಜಿನಲ್ಲೇ ಎತ್ತಿ, ಅದು ಹಾರಿ ಬಾಗಿಲವಾಡಕ್ಕೆ ಬಡಿದು, ನೀರೆಲ್ಲ ಮೈಮೇಲೆ. ಡಿಸೆಂಬರಿನಲ್ಲಿ ನಮ್ಮ ಮೆಟ್ಟಿಲುಗಳು ಸದಾ ಒದ್ದೆ. ಯಾರೂ ಬೈದುಕೊಳ್ಳುವುದಿಲ್ಲ. ಅಭ್ಯಾಸವಾಗಲಿ ಎಂದು ಕಾಯುತ್ತೇವೆ.

ಈ ಕೆಲಸ ನನಗೆ ಕಲಿಸಿದವರು ನನ್ನ ಅತ್ತೆ ಅರುಳಮ್ಮ. ಮಗ, ಅಂದರೆ ನನ್ನ ಗಂಡ ಇನ್ನಾಸಪ್ಪ ಇದ್ದರೂ ಚೂರಿಯನ್ನು ಅವನ ಕೈಗೆ ಕೊಡಲಿಲ್ಲ. "ಇವನಿಗೆ ಮರ ಕಡಿಯೋಕೆ ಬರುತ್ತೆ, ಬಿಡಿಸೋಕೆ ಬರಲ್ಲ," ಎಂದು ಮದುವೆಯಾದ ಮೂರನೇ ತಿಂಗಳಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನನಗಾಗ ಇಪ್ಪತ್ತಮೂರು. ಈಗ ಐವತ್ತೊಂದು. ಅತ್ತೆಯ ಕಣ್ಣು ಹೋಗಿ ಏಳು ವರ್ಷವಾಯಿತು. ಆದರೂ ಪ್ರತಿ ಬೊಂಬೆಯೂ ಎಣ್ಣೆಗೆ ಇಳಿಯುವ ಮೊದಲು ಅವರ ಹೆಬ್ಬೆರಳಿನ ಕೆಳಗೆ ಹಾಯಬೇಕು. ಬೆರಳಾಡಿಸಿ, "ಇದು ಆ ಜಿಪುಣಿ ಮಗ್ದಲಮ್ಮ, ಮೂಗು ಸರಿಯಾಗಿದೆ," ಎನ್ನುತ್ತಾರೆ. ನನ್ನ ತವರಿನಲ್ಲಿ ನನ್ನನ್ನು ಯಾವುದಕ್ಕೂ ಬಾರದವಳು ಎಂದೇ ಬೆಳೆಸಿದ್ದರು. ನನ್ನ ಕೈಗೆ ಒಂದು ಬುದ್ಧಿಯಿದೆ ಎಂದು ಮೊದಲು ಕಂಡುಕೊಂಡವರು ಅತ್ತೆ. ಇದನ್ನು ಅವರ ಎದುರು ನಾನು ಎಂದೂ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಇಪ್ಪತ್ತೇಳು ವರ್ಷ ಇದ್ದರೆ ಇಂಥ ಮಾತುಗಳಿಗೆ ಸಮಯವೇ ಸಿಗುವುದಿಲ್ಲ.

ಅತ್ತೆ ಕಲಿಸುವಾಗ ಒಂದು ಮಾತು ಹೇಳಿದ್ದರು. ಉಸಿರಾಡುವುದನ್ನು ಬೊಂಬೆಯ ಕೈಗೆ ಕೊಡಬೇಡ. ಯಾಕೆ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಹೋದ ವರ್ಷ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಕ್ಲಾರಾ ಬಂದಳು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು. ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಸೊಂಟದ ಮೇಲೆ ಮಗಳು ಜಪಮಾಲಾ. ಮಗುವಿಗೆ ಆರು ತುಂಬಿ ಏಳು. ಮೂರನೆಯ ವರ್ಷದಲ್ಲಿ ಬಂದ ಜ್ವರ ಇಳಿದುಹೋಗುವಾಗ ಕಾಲುಗಳ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಕ್ಲಾರಾಳ ಗಂಡ ಚೌರಪ್ಪ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಉಳಿದ ದಿನವೆಲ್ಲ ಮಗಳನ್ನು ಎತ್ತುವವಳು ಇವಳೇ. ಮನೆಯಿಂದ ಶಾಲೆಗೆ ಇನ್ನೂರ ಹನ್ನೆರಡು ಮೆಟ್ಟಿಲು.

"ಸಿಸಿಲಕ್ಕಾ, ಈ ಸಲ ನಮ್ಮನೆ ಬೊಂಬೆ ನಂದು. ಅವ್ರು ಒಪ್ಪಿದಾರೆ," ಎಂದಳು.

"ಕೈಗೇನು ಕೊಡ್ಲಿ? ಕೊಡಪಾನವಾ? ಶಾಲೆ ಅನ್ನದ ತಪ್ಪಲೆಯಾ?"

ಕ್ಲಾರಾ ಮಗಳ ಬೆನ್ನು ಸವರಿದಳು.

"ನನ್ನೇ ದೊಡ್ಡಮ್ಮ," ಎಂದಿತು ಮಗು. "ನಾನು ತಪ್ಪಲೆಗಿಂತ ಭಾರ. ಅಮ್ಮನೇ ಹೇಳ್ತಾಳೆ."

ಅತ್ತೆ ಹಿತ್ತಲಲ್ಲಿ ಬಿಸಿಲು ಕಾಯುತ್ತಿದ್ದರು. ನಾನು ದನಿ ತಗ್ಗಿಸಿ, "ಆಗಲ್ಲ ಕ್ಲಾರಾ. ಉಸಿರಾಡೋದನ್ನ ನಾವು ಕೈಗೆ ಕೊಡಲ್ಲ," ಎಂದೆ.

"ಮಾತೆ ಮರಿಯಮ್ಮನ ಕೈಗೂ ಕೊಡಲ್ವಾ?"

"ಕೊಡಲ್ಲ. ನೋಡಿಲ್ವಾ, ಕೂಸು ಹುಲ್ಲಿನ ಮೇಲೆ ಮಲಗಿರುತ್ತೆ."

"ಅವಳ ಕೂಸು ಆಮೇಲೆ ಎದ್ದು ನಡೀತಲ್ಲ ಅಕ್ಕಾ," ಎಂದಳು ಕ್ಲಾರಾ. ದೂರುವ ದನಿಯಲ್ಲಿ ಅಲ್ಲ, ಮೆಟ್ಟಿಲಿನ ಲೆಕ್ಕ ಹೇಳುವ ದನಿಯಲ್ಲಿ. ಆಮೇಲೆ ಮಗಳನ್ನು ಜಗಲಿಯ ಮೇಲೆ ಕೂರಿಸಿ ಸೀರೆಯನ್ನು ಮಂಡಿಯವರೆಗೆ ಎತ್ತಿ ತೋರಿಸಿದಳು. ಎರಡೂ ಮಂಡಿಯ ಚರ್ಮ ಸುಲಿದು ಹಕ್ಕಳೆ ಕಟ್ಟಿತ್ತು. "ಹೋದ್ವಾರ ಬಿದ್ದೆ. ಇವಳು ಕೆಳಗೆ ಸಿಕ್ಕಬಾರದು ಅಂತ ಹೊರಳಿಕೊಂಡೆ. ಡಾಕ್ಟ್ರು ಹೇಳಿದ್ರು, ಹಿಂಗೇ ಹೊತ್ರೆ ಇನ್ನೆರಡು ವರ್ಷಕ್ಕೆ ಮಂಡಿ ಹೋಗುತ್ತೆ ಅಂತ. ನನ್ನ ಮಂಡಿ ಹೋದ್ರೆ ಇವಳ ಶಾಲೆ ಹೋಯ್ತು. ಅಷ್ಟೇ ಅಕ್ಕಾ. ನಿಮ್ಮಿಷ್ಟ."

"ನಾನು ಮಗ್ಗಿ ಹದಿನಾರರ ತನಕ ಹೇಳ್ತೀನಿ," ಎಂದು ಜಪಮಾಲಾ ನನ್ನನ್ನು ನೋಡಿತು, ಅದೂ ಲೆಕ್ಕಕ್ಕೆ ಬರಲಿ ಎಂಬಂತೆ.

ಎರಡು ದಿನ ಯೋಚಿಸಿದೆ ಎಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ಆ ಮಂಡಿಗಳನ್ನು ನೋಡಿದಾಗಲೇ ಒಪ್ಪಿದ್ದೆ. ಕರುಣೆ ಇತ್ತು. ಅದರ ಜೊತೆಗೆ ಇನ್ನೊಂದೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅತ್ತೆ ಮಾಡದೇ ಇದ್ದದ್ದನ್ನು ನಾನು ಮಾಡಬಲ್ಲೆ ಎಂಬ ಆಸೆ. ಯಾವ ಕಾರಣವೂ ಇಲ್ಲದೆ ಅವರು ಒಂದು ಬಾಗಿಲು ಮುಚ್ಚಿಟ್ಟಿದ್ದಾರೆ, ಅದರ ಆಚೆ ಎಷ್ಟು ಜನ ಹೆಂಗಸರು ಏದುಸಿರು ಬಿಡುತ್ತ ನಿಂತಿರಬಹುದು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ.

ಅತ್ತೆ ಮಲಗಿದ ಮಧ್ಯಾಹ್ನಗಳಲ್ಲಿ ಕ್ಲಾರಾಳನ್ನು ಕೆತ್ತಿದೆ. ಸೊಂಟ ವಾಲಿಸಿ ನಿಂತ ಕ್ಲಾರಾ, ಅವಳ ಕತ್ತಿಗೆ ಕೈ ಹಾಕಿ ಕೆನ್ನೆ ಒರಗಿಸಿದ ಮಗು. ಸಾಸಿವೆಯಷ್ಟು ಮೂಗು, ಅದರ ತುದಿಯಲ್ಲಿ ಆ ಮಗುವಿನ ಪೋಕರಿತನವೂ ಬಂತು. ಇಪ್ಪತ್ತೇಳು ವರ್ಷದಲ್ಲಿ ಅಷ್ಟು ಚೆಂದದ್ದು ನನ್ನ ಕೈಯಿಂದ ಬಂದಿರಲಿಲ್ಲ. ಮಗುವಿನ ಕಾಲುಗಳನ್ನು ಮಾತ್ರ ಕೆತ್ತಲಿಲ್ಲ. ತಾಯಿಯ ಸೆರಗನ್ನು ಸೊಂಟದಿಂದ ಪಾದದವರೆಗೆ ದಪ್ಪಗೆ ಇಳಿಬಿಟ್ಟು, ಕಾಲುಗಳು ಅದರೊಳಗಿವೆ ಎಂದು ನೋಡುವವರು ತಿಳಿದುಕೊಳ್ಳುವಂತೆ ಮಾಡಿದೆ.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಬೊಂಬೆಗಳನ್ನೆಲ್ಲ ಎಣ್ಣೆಗೆ ಇಳಿಸುವ ದಿನ. ಅತ್ತೆ ಒಂದೊಂದನ್ನೇ ಬೆರಳಿನಿಂದ ನೋಡಿ ಬಟ್ಟಲಿಗೆ ಬಿಡುತ್ತಿದ್ದರು. ಕೊನೆಗೆ, "ಕ್ಲಾರಾ ಮನೇದು ಬರಲೇ ಇಲ್ಲ?" ಎಂದರು.

"ಈ ವರ್ಷ ಬೇಡವಂತೆ ಅತ್ತೆ," ಎಂದೆ.

ಅದು ನಾನು ಅವರಿಗೆ ಹೇಳಿದ ಮೊದಲ ಸುಳ್ಳು. ಅಡಿಗೆಮನೆಗೆ ಹೋಗಿ ಬೇರೆ ಬಟ್ಟಲಿನಲ್ಲಿ ಕ್ಲಾರಾಳನ್ನು ಇಳಿಸಿದೆ.

ಮರುದಿನ ಬೆಳಿಗ್ಗೆ ಊರಿಗೆ ಊರೇ ತಂತಮ್ಮ ಬಾಗಿಲಿಗೆ ಬಂತು. ಕ್ಲಾರಾ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಓಡುತ್ತಿದ್ದಳು. ಮಗು, "ಜೋರು! ಇನ್ನೂ ಜೋರು!" ಎಂದು ಅವಳ ಬೆನ್ನಿಗೆ ಗುದ್ದುತ್ತಿತ್ತು. ದಸ್ತಗೀರ್ ಸಾಹೇಬರು ಮೆಷಿನ್ನನ್ನು ತಲೆಯ ಮೇಲಿಟ್ಟುಕೊಂಡೇ ಗೋಡೆಗೆ ಸರಿದು ದಾರಿಬಿಟ್ಟು, "ಏನಮ್ಮಾ, ಈ ವಯಸ್ಸಲ್ಲಿ ರೇಸಾ?" ಎಂದರು. ಕ್ಲಾರಾ ನಗುತ್ತಿದ್ದಳು. ಅವಳು ಅಷ್ಟು ದೊಡ್ಡದಾಗಿ ನಗಬಲ್ಲಳೆಂದು ಯಾರಿಗೂ ಗೊತ್ತಿರಲಿಲ್ಲ. ಏನಾಗಿದೆಯೆಂದು ಜನ ಕೂಡಲೇ ಊಹಿಸಿದರು. ಅತ್ತೆಯ ನಿಯಮವೂ ಗೊತ್ತಿದ್ದವರು, ಒಳ್ಳೆಯದಾಯಿತು ಬಿಡಿ ಎಂದುಕೊಂಡು ಅವರ ಕಿವಿಗೆ ಹಾಕಲಿಲ್ಲ. ನಾನು ಬಾಗಿಲಲ್ಲಿ ನಿಂತು ಬೀಗಿದೆ. ಹಾಗೆ ಮೂರು ವಾರ ಬೀಗಿದೆ.

ಡಿಸೆಂಬರ್ ಇಪ್ಪತ್ತಮೂರರ ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಮರುದಿನಕ್ಕಾಗಿ ಬೊಂಬೆಗಳನ್ನು ಒರೆಸಿ ಬುಟ್ಟಿಯಲ್ಲಿ ಜೋಡಿಸುತ್ತಿದ್ದೆ. ಇಪ್ಪತ್ತನಾಲ್ಕರ ಮಧ್ಯಾಹ್ನ ಹನ್ನೆರಡರ ಗಂಟೆಗೆ ಅವು ಗೋದಲಿಯ ಹುಲ್ಲಿನಲ್ಲಿ ನಿಂತಿರಬೇಕು. ಒಮ್ಮೆ ನಿಂತ ಮೇಲೆ ಇಡೀ ವರ್ಷ ಅವುಗಳಿಗೆ ಚೂರಿ ತಾಕಿಸುವಂತಿಲ್ಲ. ಕ್ಲಾರಾ ಬಂದಳು. ಅತ್ತೆ ಇದ್ದಾರೆ ಎಂಬುದನ್ನೂ ಗಮನಿಸಲಿಲ್ಲ.

"ಅಕ್ಕಾ, ಕೆತ್ತಿ ತೆಗೆದುಬಿಡಿ. ನನಗೆ ಬೇಡ."

"ಏನಾಯ್ತೇ?"

ಸೊಂಟದ ಮೇಲಿದ್ದ ಮಗುವೇ ಹೇಳಿತು. "ಅಮ್ಮ ನಿನ್ನೆ ನನ್ನ ಬಿಟ್ಟು ಹೋದ್ಲು ದೊಡ್ಡಮ್ಮ. ಬಾವಿಕಟ್ಟೆ ಮೇಲೆ ಕೂರಿಸಿ ನೀರು ಸೇದಿದ್ಲಾ, ಆಮೇಲೆ ಕೊಡ ಎತ್ಕೊಂಡು ಹೋಗೇಬಿಟ್ಲು. ನಾನು ಕೂಗಲಿಲ್ಲ. ಎಷ್ಟು ದೂರ ಹೋಗ್ತಾಳೆ ನೋಡೋಣ ಅಂತ ಸುಮ್ನೆ ಕೂತಿದ್ದೆ."

"ಎಷ್ಟು ದೂರ ಹೋದ್ಲು?"

"ಇಸ್ಮಾಯಿಲ್ ಅಂಗಡಿ ತನಕ."

"ಬೆನ್ನ ಮೇಲೆ ಇದಾಳೆ ಅಂದ್ಕೊಂಡೆ ಅಕ್ಕಾ," ಎಂದಳು ಕ್ಲಾರಾ. "ದೇವರಾಣೆಗೂ ಇದಾಳೆ ಅಂದ್ಕೊಂಡೆ. ಇವಳ ಜೊತೆ ಮಾತಾಡ್ತಾ ಹೋಗ್ತಿದ್ದೆ. ಇಸ್ಮಾಯಿಲಣ್ಣ ಕೇಳಿದ್ರು, ಯಾರ ಜೊತೆ ಮಾತು ಅಂತ. ತಿರುಗಿ ನೋಡ್ತೀನಿ, ಬೆನ್ನ ಮೇಲೆ ಏನೂ ಇಲ್ಲ. ಬಾವಿಕಟ್ಟೆ ಅಕ್ಕಾ. ಒಂದು ಚೂರು ಹಿಂದಕ್ಕೆ ವಾಲಿದ್ರೆ..." ಅವಳು ಅಲ್ಲೇ ಕೂತಳು. ಮಗು ಅವಳ ತೊಡೆಯ ಮೇಲೆ ಬಂತು. ಕ್ಲಾರಾ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಹಿಡಿತ ಸಡಿಲಿಸಿದರೆ ಮತ್ತೆ ಇಲ್ಲದೆ ಹೋದೀತೆಂಬ ಹೆದರಿಕೆ ಅದು. "ಇದ್ರೂ ಗೊತ್ತಾಗಲ್ಲ, ಇಲ್ಲದಿದ್ರೂ ಗೊತ್ತಾಗಲ್ಲ. ಮೊದಲು ನಿದ್ದೆ ಬಂದ್ರೆ ಭಾರ ಆಗೋಳು. ಮೆಟ್ಟಿಲು ಹತ್ತೋವಾಗ ಕತ್ತಿನ ಮೇಲೆ ತಲೆ ದೊಪ್ಪಂತ ಬೀಳೋದು. ಓ, ಮಲಗಿದ್ಲು ಅಂದ್ಕೊಳ್ತಿದ್ದೆ. ಈಗ ಕತ್ತು ತಿರುಗಿಸಿ ನೋಡಿ ತಿಳ್ಕೋಬೇಕು."

ಅವರೆಕಾಯಿಯ ಸದ್ದು ನಿಂತಿತ್ತು. "ಏನು ಕೆತ್ತಿ ತೆಗೆಯೋದು?" ಎಂದರು ಅತ್ತೆ.

ನಾನು ಹೇಳಿದೆ. ಸುಳ್ಳು ಹೇಳಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅತ್ತೆ ಬೈಯಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ, "ಕ್ಲಾರಾ, ಹತ್ರ ಬಾರೇ," ಎಂದು ಕರೆದು ಅವಳ ಮೊಣಕೈ ಹಿಡಿದುಕೊಂಡರು.

"ಇನ್ನಾಸ ಹುಟ್ಟಿ ಎರಡು ತಿಂಗಳಿಗೆ ಕ್ರಿಸ್ಮಸ್ಸು ಬಂತು. ನಾನು ತುಂಬ ಸೊರಗಿದ್ದೆ. ನಮ್ಮತ್ತೆ ಪಾಪ, ಸೊಸೆಗೆ ಸುಖ ಇರಲಿ ಅಂತ ಅವನನ್ನೇ ನನ್ನ ಬೊಂಬೆ ಕೈಗೆ ಕೊಟ್ರು. ಒಳ್ಳೇದಕ್ಕೇ ಕೊಟ್ರು. ಆಮೇಲೆ ಒಂದು ವರ್ಷ ಆ ಕೂಸು ನನ್ನ ತೊಡೆ ಮೇಲೆ ಇದ್ದೂ ಇರಲಿಲ್ಲ. ಎದೆಗೆ ಹಾಕ್ಕೊಂಡ್ರೆ ಗಾಳಿ. ಹಾಲು ಎಳೆಯೋದು ಗೊತ್ತಾಗೋದು, ಕೂಸು ಗೊತ್ತಾಗ್ತಿರಲಿಲ್ಲ. ಎಷ್ಟು ಬೆಳೆದ ಅಂತ ಪಕ್ಕದ ಮನೆಯವ್ರನ್ನ ಕೇಳ್ತಿದ್ದೆ, ಎತ್ತಿ ನೋಡಿ ಹೇಳ್ರೇ ಅಂತ. ಅವನ ಮೊದಲ್ನೇ ವರ್ಷ ಅದು. ನಂಗೆ ಸಿಗಲಿಲ್ಲ." ಅತ್ತೆಯ ಹೆಬ್ಬೆರಳು ಕ್ಲಾರಾಳ ಮೊಣಕೈಯನ್ನು ಸವರಿತು. "ಅತ್ತೆ ಮನಸ್ಸಿಗೆ ನೋವಾಗುತ್ತೆ ಅಂತ ಅವ್ರಿಗೆ ಹೇಳಲಿಲ್ಲ. ಆಮೇಲೆ ಯಾರಿಗೂ ಹೇಳಲಿಲ್ಲ. ಇವಳಿಗಾದ್ರೂ ಹೇಳಬೇಕಿತ್ತು. ನಿಯಮ ಹೇಳಿದೆ, ಕಾರಣ ನುಂಗಿಕೊಂಡೆ. ತಪ್ಪು ನಂದೂ ಇದೆ."

ಇಪ್ಪತ್ತೇಳು ವರ್ಷ ಪಕ್ಕದಲ್ಲಿ ಕೂತು ಕೆತ್ತಿದ್ದೇನೆ. ಒಂದು ದಿನವೂ ಈ ಮಾತು ಆ ಬಾಯಿಂದ ಬಂದಿರಲಿಲ್ಲ.

"ಹಾಗಾದ್ರೆ ತೆಗೀಬಹುದಾ ಅಜ್ಜಿ?" ಎಂದಳು ಕ್ಲಾರಾ.

ಅದೇ ಆಗದ ಮಾತು. ಮೇಲಿನ ಸಾಲಿನ ಮನೆಯ ತೆರೇಸಮ್ಮನ ಬೊಂಬೆ ಒಮ್ಮೆ ಕೈಜಾರಿ ಕಲ್ಲಿನ ಮೇಲೆ ಬಿದ್ದು, ಸೊಂಟದ ಕೊಡ ಮುರಿದು ಬೇರೆಯಾಯಿತು. ಅಂದಿನಿಂದ ತೆರೇಸಮ್ಮನ ಸೊಂಟದಲ್ಲಿ ಕೊಡ ನಿಲ್ಲುವುದಿಲ್ಲ. ಎಷ್ಟು ಜೋಪಾನವಾಗಿ ಇಟ್ಟುಕೊಂಡರೂ ಜಾರುತ್ತದೆ. ಹನ್ನೊಂದು ವರ್ಷವಾಯಿತು, ಆಮೇಲೆ ಎಷ್ಟು ಹೊಸ ಬೊಂಬೆ ಕೆತ್ತಿದರೂ ಸರಿಹೋಗಿಲ್ಲ. ಮಗುವನ್ನು ಬೊಂಬೆಯಿಂದ ಕೆತ್ತಿ ತೆಗೆದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕ್ಲಾರಾಳ ಮುಖ ನೋಡಿದರೆ ಅವಳಿಗೂ ತೆರೇಸಮ್ಮ ನೆನಪಾದಂತಿತ್ತು.

"ಎಲ್ಲಿ, ಕೊಡು ಇಲ್ಲಿ," ಎಂದು ಅತ್ತೆ ಅಂಗೈ ಚಾಚಿದರು. ಬೊಂಬೆಯನ್ನು ಇಟ್ಟೆ. ಹೆಬ್ಬೆರಳು ಕ್ಲಾರಾಳ ತಲೆಗೂದಲ ಮೇಲೆ ಹೋಯಿತು, ಮಗುವಿನ ಕೆನ್ನೆಯ ಮೇಲೆ ಇಳಿಯಿತು, ಮೂಗಿನ ಮೇಲೆ ನಿಂತಿತು. "ಚೆನ್ನಾಗಿ ಬಂದಿದೆ," ಎಂದರು. ಇನ್ನೂ ಕೆಳಗಿಳಿದ ಬೆರಳು ತಡವರಿಸಿತು. "ಕೂಸಿನ ಕಾಲೆಲ್ಲೇ?"

"ಕೆತ್ತಲಿಲ್ಲ ಅತ್ತೆ. ಸೆರಗು ಬಿಟ್ಟಿದೀನಿ."

"ಯಾಕೆ?"

"ಮನಸ್ಸು ಬರಲಿಲ್ಲ."

"ಹೇಡಿ," ಎಂದರು. ಬೆರಳು ಮಾತ್ರ ಸೆರಗಿನ ಮೇಲೇ ಏರಿ ಇಳಿದು ಆಡುತ್ತಿತ್ತು, ಪೀಠದವರೆಗೆ ಹೋಗಿ ಮರಳುತ್ತಿತ್ತು. ಆಮೇಲೆ ಅವರ ಮುಖದಲ್ಲಿ ಒಂದು ಕಳೆ ಬಂತು. "ಸಿಸಿಲಿ, ನಿನ್ನ ಹೇಡಿತನದಿಂದ ಇಲ್ಲಿ ಇಷ್ಟು ಮರ ಉಳಿದಿದೆ ನೋಡೇ. ಸೊಂಟದಿಂದ ನೆಲದ ತನಕ. ಕೂಸನ್ನ ಯಾಕೆ ತೆಗೀಬೇಕು? ಇಳಿಸು. ಕಾಲು ಬಿಡಿಸು. ಕೈ ಅಮ್ಮನ ಕತ್ತಲ್ಲೇ ಇರಲಿ, ಪಾದ ನೆಲ ಮುಟ್ಟಲಿ."

ನನಗೆ ಕೂಡಲೇ ಅರ್ಥವಾಯಿತು. ಹೊತ್ತ ಮಗು ಒರಗಿ ನಿಂತ ಮಗುವಾಗುತ್ತದೆ. ಬೊಂಬೆ ಹೊರುವುದು ಒರಗಿದಷ್ಟು ಭಾರಕ್ಕೇ ಇಳಿಯುತ್ತದೆ. ಉಳಿದದ್ದು ಕ್ಲಾರಾಳಿಗೆ ಮರಳಬೇಕು. ಮರಳಬೇಕು ಎಂಬುದು ನಮ್ಮ ಎಣಿಕೆ. ಹಿಂದೆ ಯಾರೂ ಮಾಡಿ ನೋಡಿರಲಿಲ್ಲ. ಚೂರಿ ಒಂದು ಎಳೆ ಮೇಲಕ್ಕೆ ಹಾರಿದರೆ ಮಗುವಿನ ಕೈ ತಾಯಿಯ ಕತ್ತಿನಿಂದ ಬೇರೆಯಾಗುತ್ತಿತ್ತು.

"ನೀನು ಹೇಳು," ಎಂದರು ಅತ್ತೆ ಕ್ಲಾರಾಳಿಗೆ. "ಸುಮ್ನಿದ್ರೆ ಒಂದು ವರ್ಷ ಹಿಂಗೇ ನಡೆಯುತ್ತೆ. ಓಡಬಹುದು. ಮಂಡಿ ಉಳಿಯುತ್ತೆ. ಮಾಡಿದ್ರೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ."

ಕ್ಲಾರಾ ಮಗಳ ನೆತ್ತಿಯ ಮೇಲೆ ಗಲ್ಲವಿಟ್ಟಳು. "ಮಾಡಿ ಅಕ್ಕಾ," ಎಂದಳು.

ಎಣ್ಣೆ ಕುಡಿದ ಮರ ಚೂರಿಗೆ ಜಾರುತ್ತದೆ. ಬೊಂಬೆಯನ್ನು ಬಿಸಿ ತೌಡಿನಲ್ಲಿ ಹೂತಿಟ್ಟೆವು, ತೌಡು ಎಣ್ಣೆಯನ್ನು ಹೀರಿಕೊಳ್ಳಲಿ ಎಂದು. ತಣ್ಣಗಾದಂತೆ ತೌಡು ಬದಲಿಸುತ್ತ ಒಂದು ಹಗಲು ಕಳೆಯಿತು. ಇಪ್ಪತ್ತನಾಲ್ಕರ ಬೆಳಿಗ್ಗೆ ಬಿಸಿಲು ಜಗಲಿಗೆ ಬರುತ್ತಿದ್ದಂತೆ ಕೆಲಸಕ್ಕೆ ಕೂತೆ. ಎದುರಿಗೆ ಕ್ಲಾರಾ, ಅವಳ ತೊಡೆಯ ಮೇಲೆ ಜಪಮಾಲಾ, ಪಕ್ಕದಲ್ಲಿ ಅತ್ತೆ. ಇನ್ನಾಸಪ್ಪ ಎರಡು ಸಲ ಬಂದು ನೋಡಿ, ಉಸಿರು ಬಿಡಲೂ ಹೆದರಿ ಒಳಗೆ ಹೋದ.

ಸೆರಗಿನ ಮರವನ್ನು ನಡುವೆ ಸೀಳಿ ಮೊದಲ ಗೆರೆ ಹಾಕಿದೆ. ಅಕ್ಕಿಯ ನುಚ್ಚಿನಷ್ಟು ಮರ ಹಾರಿತು. ಆಮೇಲೆ ಇನ್ನೊಂದು. ಮಗು ಕತ್ತು ಚಾಚಿ ನೋಡುತ್ತಿತ್ತು.

"ದೊಡ್ಡಮ್ಮ, ಅದು ನನ್ನ ಕಾಲಲ್ಲ."

"ಯಾಕಮ್ಮಾ?"

"ತುಂಬ ದಪ್ಪ. ಅದು ನಮ್ಮ ಕ್ಲಾಸಿನ ಸ್ಟೀಫನ್ ಕಾಲು. ನಂದು ನೋಡು." ಎಂದು ಲಂಗ ಸರಿಸಿ ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ನನ್ನ ಮೊಣಕಾಲ ಮೇಲೆ ಇಟ್ಟಿತು.

ನಾನು ನೋಡಿದೆ. ಜ್ವರ ಬಂದುಹೋದ ನಾಲ್ಕು ವರ್ಷದಿಂದ ಆ ಮಗುವನ್ನು ಕಂಡಿದ್ದೇನೆ, ಮುದ್ದಾಡಿದ್ದೇನೆ, ಕಾಲುಗಳತ್ತ ಕಣ್ಣು ಹೋಗದಂತೆ ನೋಡಿಕೊಂಡಿದ್ದೇನೆ. ಅದು ನನ್ನ ಸೌಜನ್ಯ ಎಂದುಕೊಂಡಿದ್ದೆ. ಕಾಲು ಸಣ್ಣಗಿತ್ತು, ಬೆಚ್ಚಗಿತ್ತು. ಮಂಡಿಯ ಕೆಳಗೆ ಒಂದು ಸೊಳ್ಳೆ ಕಚ್ಚಿದ ಗುರುತು. ಬಲಪಾದ ಒಳಕ್ಕೆ ತಿರುಗಿತ್ತು.

"ಇದು ಒಳಗೆ ನೋಡುತ್ತೆ," ಎಂದಿತು ಮಗು. "ಅದು ಹೊರಗೆ ನೋಡುತ್ತೆ. ಹಂಗೇ ಮಾಡು."

ಹಾಗೇ ಮಾಡಿದೆ. ಸಣ್ಣ ಮಾಡುತ್ತ ಮಾಡುತ್ತ ನನಗೇ ಭಯವಾಗುವಷ್ಟು ಸಣ್ಣ ಮಾಡಿದೆ. ಎಡಪಾದ ಪೀಠವನ್ನು ಮುಟ್ಟಿ ನಿಂತಿತು. ಬಲಗಾಲಿನ ಹಿಮ್ಮಡಿ ಬಿಡಿಸುವಾಗ ಚೂರಿ ಹಾರಿತು. ಎಡಗೈಯ ಬೆರಳನ್ನು ಅಡ್ಡ ಒಡ್ಡಿದ್ದೆ, ಬೆರಳು ಸೀಳಿತು, ಮರಕ್ಕೆ ಏನೂ ಆಗಲಿಲ್ಲ. ಕ್ಲಾರಾ ಚೀರಿದಳು. ಅತ್ತೆ ಮಾತ್ರ, "ಮರದ ಮೇಲೆ ರಕ್ತ ಬೀಳದಿರಲಿ, ಬಟ್ಟೆ ಸುತ್ತಿಕೊ, ಮುಂದುವರಿ," ಎಂದರು. ಮುಂದುವರಿದೆ.

"ಎರಡೂ ಪಾದ ನೆಲ ಮುಟ್ತಾ?" ಎಂದರು ಸ್ವಲ್ಪ ಹೊತ್ತಿನ ಮೇಲೆ.

"ಎಡಗಡೇದು ಪೂರ್ತಿ. ಬಲಗಡೇದು ಬೆರಳ ತುದಿ ಮಾತ್ರ ಅತ್ತೆ."

"ನಂದು ಹಂಗೇ ಇರೋದು," ಎಂದಿತು ಮಗು, ಮಾತು ಮುಗಿಯಿತೆಂಬಂತೆ.

ಅತ್ತೆ ಬೆರಳಾಡಿಸಿದರು. ಈ ಸಲ ಬಹಳ ನಿಧಾನ. ಪುಟ್ಟ ಕಾಲುಗಳ ಮೇಲೆ ಅವರ ಹೆಬ್ಬೆರಳು ಮುಟ್ಟಿಯೂ ಮುಟ್ಟದಂತೆ ಹೋಯಿತು. ತಾವೇ ಎಣ್ಣೆಯ ಬಟ್ಟಲನ್ನು ತಡಕಿ ಎಳೆದುಕೊಂಡು ಬೊಂಬೆಯನ್ನು ಇಳಿಸಿದರು. ಹೊಸದಾಗಿ ಕೆತ್ತಿದ ಬಿಳಿಯ ಮರ ಕಣ್ಣೆದುರೇ ಹಳದಿಯಾಯಿತು.

"ಎತ್ತೇ," ಎಂದರು.

ಕ್ಲಾರಾ ಎದ್ದು ನಿಂತಳು. ಮಗಳ ಕಂಕುಳಿಗೆ ಕೈ ಹಾಕಿದಳು. ಮೂರು ವಾರದ ಅಭ್ಯಾಸದಂತೆ ಹಗುರವಾಗಿ ಎತ್ತಹೋದಳು, ಮಗು ಮೇಲೆ ಬರಲಿಲ್ಲ. ಕ್ಲಾರಾ ನಮ್ಮನ್ನು ನೋಡಿದಳು. ಕಾಲು ಅಗಲಿಸಿ ನಿಂತು, ಸೊಂಟ ಬಗ್ಗಿಸಿ, ಮತ್ತೆ ಎತ್ತಿದಳು. ಮಗು ಬಂತು. ಸೊಂಟಕ್ಕೆ ಏರಿತು. ಕತ್ತಿಗೆ ಕೈ ಹಾಕಿತು, ಕೈ ನಿಂತಿತು. ಕ್ಲಾರಾಳ ಎಡಭುಜ ಒಂದು ಚೂರು ಕೆಳಗಿಳಿಯಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಎಷ್ಟಿದೆಯೇ?" ಎಂದೆ.

"ಅರ್ಧ," ಎಂದಳು. "ಅರ್ಧಕ್ಕಿಂತ ಒಂಚೂರು ಕಮ್ಮಿ." ಮಗು ಬೇಕೆಂದೇ ಕೈಕಾಲು ಸಡಿಲ ಬಿಟ್ಟು, ನಿದ್ದೆ ಬಂದವಳಂತೆ ತಲೆಯನ್ನು ತಾಯಿಯ ಕತ್ತಿನ ಮೇಲೆ ದೊಪ್ಪೆಂದು ಬೀಳಿಸಿತು. "ಈಗ?" ಎಂದಿತು ಕಣ್ಣು ಮುಚ್ಚಿಕೊಂಡೇ.

"ಅಯ್ಯೋ, ಈಗ ಕಲ್ಲು!" ಎಂದಳು ಕ್ಲಾರಾ. ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೆ ಬಂದವು. ಬಟ್ಟೆ ಸುತ್ತಿದ ನನ್ನ ಬೆರಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಹಾಗೆ ಮಾಡಬೇಕಾಗಿದ್ದವಳು ನಾನು. ಅವಳು ಬರದೇ ಇದ್ದಿದ್ದರೆ ನಾನು ಮೂರು ವಾರವಲ್ಲ, ವರ್ಷವಿಡೀ ಬೀಗುತ್ತಿದ್ದೆ. ಮುಂದಿನ ವರ್ಷ ಇನ್ನೊಬ್ಬಳ ಕೈಗೆ ಇನ್ನೊಂದು ಕೂಸನ್ನು ಕೊಡುತ್ತಿದ್ದೆ.

ಬೊಂಬೆಯನ್ನು ತಾನೇ ಗೋದಲಿಗೆ ಇಡುತ್ತೇನೆಂದು ಕ್ಲಾರಾ ಕೈಯಲ್ಲಿ ಹಿಡಿದು, ಮಗಳನ್ನು ಸೊಂಟದಲ್ಲಿ ಹೊತ್ತು ಹೊರಟಳು. ಗಂಟೆಯಾಗಲು ಇನ್ನೂ ಹೊತ್ತಿತ್ತು. ನಾನೂ ಅತ್ತೆಯೂ ಬಾಗಿಲಲ್ಲಿ ನಿಂತೆವು. ಅವಳು ಮೊದಲಿನಂತೆ ಓಡಲಿಲ್ಲ. ಮೂವತ್ತು ಮೆಟ್ಟಿಲಾದ ಮೇಲೆ ನಿಂತು ಗೋಡೆಗೆ ಒರಗಿದಳು, ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

"ನಿಂತ್ಲಾ?" ಎಂದರು ಅತ್ತೆ.

"ನಿಂತ್ಲು. ಏನೋ ಬೈತಿದಾಳೆ ಮಗಳಿಗೆ."

"ಮಂಡಿ?"

"ತಡೀತಿದೆ ಅತ್ತೆ. ಮತ್ತೆ ಹೊರಟ್ಲು."

ಬೊಂಬೆಗಳ ಬುಟ್ಟಿಯನ್ನು ಇನ್ನಾಸಪ್ಪ ಆಗಲೇ ತಲೆಯ ಮೇಲೆ ಇಟ್ಟುಕೊಂಡು ಮುಂದೆ ಹೋಗಿದ್ದ. ನಾನು ಸೀರೆಯ ಮೇಲಿನ ಮರದ ಪುಡಿ ಕೊಡವಿಕೊಂಡು, "ಅತ್ತೆ, ನೀವು ನನಗೆ ಚೂರಿ ಕೊಟ್ರಲ್ಲ, ಅದಕ್ಕೆ..." ಎಂದು ಶುರುಮಾಡಿದೆ.

"ಸಾಕು ಸಾಕು, ಹೊತ್ತಾಯ್ತು," ಎಂದರು ಅತ್ತೆ. ಆದರೆ ಕೈ ಚಾಚಿ ನನ್ನ ಹೆಗಲು ಹುಡುಕಿದರು. "ನನ್ನೂ ಮೇಲಕ್ಕೆ ಕರ್ಕೊಂಡು ಹೋಗು. ಆ ಗೋದಲೀನ ಮುಟ್ಟಿ ನೋಡಿ ಎರಡು ವರ್ಷ ಆಯ್ತು."

"ಹೋದ ವರ್ಷ ಎಷ್ಟು ಕರೆದೆ, ಬರಲ್ಲ ಅಂದ್ರಿ."

"ಅಷ್ಟು ಮೆಟ್ಟಿಲು ನಿನ್ನ ಮೇಲೆ ಬೀಳೋದು ಬೇಡ ಅಂತಿತ್ತು. ಈಗ ಬರ್ತೀನಿ."

ಅವರ ತೋಳನ್ನು ನನ್ನ ಕತ್ತಿನ ಸುತ್ತ ಹಾಕಿಕೊಂಡು, ಸೊಂಟ ಹಿಡಿದು ಹೊರಟೆ. ಒಂದೊಂದು ಮೆಟ್ಟಿಲಿಗೂ ಅವರು ಮೊದಲು ಪಾದದಿಂದ ಅಂಚನ್ನು ತಡಕುತ್ತಿದ್ದರು, ಆಮೇಲೆ ನನ್ನ ಮೇಲೆ ಒರಗಿ ಏರುತ್ತಿದ್ದರು. ಹತ್ತನೆಯ ಮೆಟ್ಟಿಲಿಗೇ ನನ್ನ ಬೆನ್ನು ಬೆವರಿತು. ಮುಂಚೆಯಾಗಿದ್ದರೆ ಆಯಾಸ ಅವರಿಗೆ ತಿಳಿಯದಂತೆ ಉಸಿರು ಬಿಗಿಹಿಡಿಯುತ್ತಿದ್ದೆ.

"ಭಾರ ಆದ್ನೇನೇ ಸಿಸಿಲಿ?"

"ಹೌದತ್ತೆ," ಎಂದೆ. "ತುಂಬ ಭಾರ."

"ಹೂಂ," ಎಂದರು ಅತ್ತೆ, ಸಂತೋಷದಿಂದ, ಇನ್ನಷ್ಟು ಒರಗಿಕೊಂಡರು.